ಫಾರ್ಮ್ಯಾಟ್ ಹೊಡೆಯುವ ಮುಂಚೆ

ಪ್ರೀತಿಯ ತಮ್ಮಾ,

ನಿನ್ನೆ ರಾತ್ರಿ ನೀನು ಕಳಿಸಿದ ಫೋಟೊ ನೋಡಿದೆ. ಕರೀ ಪರದೆ, ಎಡಮೂಲೆಯಲ್ಲಿ ಮಿನುಗುವ ಒಂದು ಗೀಟು. ಕೆಳಗೆ ನಿನ್ನ ಮಾತು: ‘ಕಾಕಾ, ಸಿಸ್ಟಮ್ ಹೋತು. ಮುಂಜಾನೆ ಫಾರ್ಮ್ಯಾಟ್ ಹೊಡಸ್ತೀನಿ.’ ಹೊಡೆಸಬೇಡ. ಇದನ್ನು ಓದಿ ಮುಗಿಸುವ ತನಕವಾದರೂ ತಡಿ. ಮೋರಟಗಿಯಂಥ ಊರುಗಳಲ್ಲಿ ಆನ್‌ಲೈನ್ ಅಂಗಡಿ ಇಟ್ಟುಕೊಂಡು ಉತಾರ, ಬೆಳೆವಿಮೆ ಅರ್ಜಿ, ಲಗ್ನಪತ್ರಿಕೆ ಅಂತ ಬದುಕು ಮಾಡುವ ಉಳಿದ ಹುಡುಗರಿಗೂ ಬೇಕಾದೀತೆಂದು ಎಲ್ಲರೂ ಓದುವ ಹಾಗೆ ಬರೆದಿದ್ದೇನೆ.

ಹೊಲದಾಗ ಮೋಟರ್ ನಿಂತರೆ ನಿಮ್ಮಪ್ಪ ಹೊಸ ಬೋರ್ ಕೊರೆಸುತ್ತಾನೇನು? ಫ್ಯೂಜ್ ನೋಡುತ್ತಾನೆ, ಸ್ಟಾರ್ಟರ್ ನೋಡುತ್ತಾನೆ, ಕೇಬಲ್ ಇಲಿ ಕಡಿದಿದೆಯೋ ನೋಡುತ್ತಾನೆ. ಕಂಪ್ಯೂಟರಿನ ಮುಂದೆ ಕೂತಾಗ ಮಾತ್ರ ನಮಗೆ ಆ ಬುದ್ಧಿ ಯಾಕೆ ಕೈಕೊಡುತ್ತದೋ.

ಉಬುಂಟು 22.04ರಿಂದ 24.04ಕ್ಕೆ ಏರಿಸುವಾಗ ನಡುವೆ ಕರೆಂಟ್ ಹೋಯಿತು, ಯುಪಿಎಸ್ ಎರಡು ನಿಮಿಷ ಕೂಗಿ ಸುಮ್ಮನಾಯಿತು ಎಂದು ನೀನೇ ಬರೆದಿದ್ದೀ. ರೋಗ ಅಲ್ಲೇ ಇದೆ. ಏರಿಸುವಾಗ ಉಬುಂಟು ಪ್ಯಾಕೇಜುಗಳನ್ನು ಮೊದಲು ಬಿಚ್ಚಿ ಹರವುತ್ತದೆ, ಆಮೇಲೆ ಒಂದೊಂದನ್ನೇ ಹೊಂದಿಸುತ್ತದೆ. ನಿನ್ನಲ್ಲಿ ಬಿಚ್ಚಿದ್ದು ಬಿಚ್ಚಿದಂತೇ ಉಳಿದಿದೆ, ಅದಕ್ಕೇ ಡೆಸ್ಕ್‌ಟಾಪ್ ತೋರಿಸುವ ಭಾಗ ಎದ್ದಿಲ್ಲ. ಇಷ್ಟಕ್ಕೂ ಅವಸರವೇನಿತ್ತು? 22.04ಕ್ಕೆ 2027ರವರೆಗೆ ಬೆಂಬಲ ಇದೆ. 24.04 ಹೊರಬಂದದ್ದು 2024ರ ಏಪ್ರಿಲ್‌ನಲ್ಲಿ. ನಿನ್ನಂಥ ಹಳೆಯ ಬಳಕೆದಾರರಿಗೆ ಅದನ್ನು ತೆರೆದದ್ದು ಆಗಸ್ಟ್ ಕೊನೆಗೆ. ತೆರೆದ ಮೇಲೂ ದೋಷ ಕಂಡು, ಉಬುಂಟು ಮಾಡಿದವರೇ ಅದನ್ನು ಕೆಲವು ದಿನ ತಡೆಹಿಡಿದರು.

ಈಗ ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತು. ಹೆಸರು ಕೇಳುತ್ತದೆ, ಪಾಸ್‌ವರ್ಡ್ ಕೇಳುತ್ತದೆ. ಹೊಡೆಯುವಾಗ ಚುಕ್ಕಿ ಕೂಡ ಮೂಡುವುದಿಲ್ಲ, ಕೀಬೋರ್ಡ್ ಕೆಟ್ಟಿತೆಂದು ಗಾಬರಿಯಾಗಬೇಡ. ಒಳಗೆ ಹೋದೆಯೋ, ಮೊದಲ ಕೆಲಸ ಗಿರಾಕಿಗಳ ಫೈಲನ್ನೆಲ್ಲ ಪೆನ್‌ಡ್ರೈವಿಗೆ ಇಳಿಸುವುದು. ಎರಡನೆಯದು, ಡಿಸ್ಕಿನಲ್ಲಿ ಜಾಗ ಇದೆಯೇ ನೋಡುವುದು. ಡಿಸ್ಕ್ ತುಂಬಿದ್ದರೆ ಮುಂದಿನದೇನೂ ನಡೆಯುವುದಿಲ್ಲ. ಆಮೇಲೆ ಪ್ಯಾಕೇಜು ಹೊಂದಿಸುವ ಡಿಪಿಕೆಜಿಗೆ ಅರ್ಧಕ್ಕೆ ಬಿಟ್ಟದ್ದನ್ನು ಮುಗಿಸಲು ಹೇಳು, ಆಪ್ಟ್‌ಗೆ ಮುರಿದದ್ದನ್ನು ಕೂಡಿಸಲು ಹೇಳು. ಆಜ್ಞೆಗಳ ಸ್ಪೆಲ್ಲಿಂಗ್ ಬೇರೆ ಚೀಟಿಯಲ್ಲಿದೆ, ಒಂದು ಸ್ಪೇಸೂ ತಪ್ಪಬಾರದು. ಒಂದು ಬದಲಾವಣೆ, ಒಂದು ರೀಸ್ಟಾರ್ಟ್. ಐದು ಮದ್ದು ಒಟ್ಟಿಗೆ ಕುಡಿದವನಿಗೆ ಯಾವುದರಿಂದ ಗುಣವಾಯಿತೆಂದು ಗೊತ್ತಾಗುವುದಿಲ್ಲ.

ಇದಾದ ಮೇಲೆ ಲಾಗಿನ್ ಪರದೆ ಬಂದು, ಪಾಸ್‌ವರ್ಡ್ ಕೊಟ್ಟ ಕೂಡಲೇ ಮತ್ತೆ ಅಲ್ಲಿಗೇ ತಳ್ಳಿದರೆ, ಅದೇ ಕರೀ ಪರದೆಯಲ್ಲಿ ಹೊಸ ಬಳಕೆದಾರನೊಬ್ಬನನ್ನು ಮಾಡಿ ಅವನ ಹೆಸರಲ್ಲಿ ಒಳಗೆ ಹೋಗು. ಅವನಿಗೆ ಡೆಸ್ಕ್‌ಟಾಪ್ ಚೆನ್ನಾಗಿ ಬಂದರೆ ಸಿಸ್ಟಮ್ಮಿನದೇನೂ ತಪ್ಪಿಲ್ಲ, ನಿನ್ನ ಹಳೆಯ ಸೆಟ್ಟಿಂಗ್‌ನದು. ನೀನು ಚಂದಕ್ಕೆಂದು ಹಾಕಿಕೊಂಡ ಎಕ್ಸ್‌ಟೆನ್ಷನ್‌ಗಳ ಮೇಲೆ ನನಗೆ ಅನುಮಾನ. ಡೆಸ್ಕ್‌ಟಾಪ್ ತೋರಿಸುವ ಗ್ನೋಮ್ 22.04ರಲ್ಲಿ 42 ಇತ್ತು, ಈಗ 46. ನಡುವೆ 45ರಲ್ಲಿ ಎಕ್ಸ್‌ಟೆನ್ಷನ್ ಬರೆಯುವ ರೀತಿಯೇ ಬದಲಾಗಿ, ತಿದ್ದದೆ ಬಿಟ್ಟ ಹಳೆಯವು ನಡೆಯದಾದವು.

ಡೆಸ್ಕ್‌ಟಾಪ್ ಬಂದ ಮೇಲೆ ಇನ್ನೊಂದು ಗಾಬರಿ ಕಾದಿದ್ದೀತು. ಹಳೆಯ ಲಗ್ನಪತ್ರಿಕೆ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣಬಹುದು. ಇಲ್ಲಿ ನನ್ನ ಕಥೆ ಹೇಳಲೇಬೇಕು. ನಾನು ಸಿಂದಗಿಯಲ್ಲಿ ಡಿಟಿಪಿ ಮಾಡುತ್ತಿದ್ದಾಗ ಹಿರಿಯ ಮಾಸ್ತರರೊಬ್ಬರು ಹಳ್ಳಿ ಹಳ್ಳಿ ತಿರುಗಿ ಕೂಡಿಸಿದ ಹಂತಿ ಪದಗಳನ್ನು ತಂದುಕೊಟ್ಟಿದ್ದರು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದೆ, ಎಂಬತ್ತು ಪುಟ. ಮಷೀನು ಕೈಕೊಟ್ಟಿತು, ಫೈಲುಗಳನ್ನು ಡಿ ಡ್ರೈವಿಗೆ ಹಾಕಿ ಸಿ ಡ್ರೈವ್ ಫಾರ್ಮ್ಯಾಟ್ ಹೊಡೆದೆ. ಆಮೇಲೆ ಫೈಲು ತೆರೆದರೆ ಬರೀ ಕಸ. ಕೆಟ್ಟಿತೆಂದು ಅಳಿಸಿಬಿಟ್ಟೆ. ಫೈಲು ಕೆಟ್ಟಿರಲಿಲ್ಲ ತಮ್ಮಾ, ನುಡಿಯ ಫಾಂಟನ್ನು ನಾನು ಮತ್ತೆ ಹಾಕಿರಲಿಲ್ಲ, ಅಷ್ಟೇ. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಆ ಫೈಲುಗಳಲ್ಲಿ ಒಳಗಿರುವುದು ಇಂಗ್ಲಿಷಿನ ಸಂಕೇತವೇ. ಅದಕ್ಕೆ ಕನ್ನಡದ ರೂಪ ಕೊಡುವುದು ಫಾಂಟು. ಇದು ಗೊತ್ತಾದದ್ದು ನಾಲ್ಕು ದಿನ ಆದಮೇಲೆ. ಮಾಸ್ತರರು ಬೈಯಲಿಲ್ಲ. ಕೈಬರಹದ ವಹಿ ಚೀಲದಿಂದ ತೆಗೆದು ಮತ್ತೆ ಮೇಜಿನ ಮೇಲಿಟ್ಟರು.

ಯೂನಿಕೋಡಿನಲ್ಲಿ ಟೈಪ್ ಮಾಡುವಾಗ ಕನ್ನಡ ಮೂಡದಿದ್ದರೆ ಅದು ಬೇರೆ ಮಾತು: ಸೆಟ್ಟಿಂಗ್ಸ್‌ನ ಕೀಬೋರ್ಡ್ ಪಟ್ಟಿಯಿಂದ ಕನ್ನಡ ಜಾರಿರುತ್ತದೆ, ಮತ್ತೆ ಸೇರಿಸಿಕೋ. ನಿನ್ನ ಬೆರಳಿಗೆ ಕೂತಿರುವ ಕೆ. ಪಿ. ರಾವ್ ವಿನ್ಯಾಸ ಅಲ್ಲೇ ಸಿಗುತ್ತದೆ.

ಇಷ್ಟೆಲ್ಲ ಮಾಡಿಯೂ ಡೆಸ್ಕ್‌ಟಾಪ್ ಬರದಿದ್ದರೆ ಆಗ ಫಾರ್ಮ್ಯಾಟ್ ಮಾಡು, ಬೇಡ ಎನ್ನುವುದಿಲ್ಲ. ಫೈಲುಗಳು ಪೆನ್‌ಡ್ರೈವಿನಲ್ಲಿ ಇರುತ್ತವಲ್ಲ. ಫಾರ್ಮ್ಯಾಟ್ ಹೊಡೆಯಲು ಮುಂಜಾನೆ ಬರಬೇಕಿದ್ದ ಹುಡುಗನಿಗೆ ಮಾತ್ರ ಈಗಲೇ ಫೋನ್ ಮಾಡಿ ಬರಬೇಡ ಅನ್ನು. ಮತ್ತೆ, ಸಿಂದಗಿಗೆ ಹೋದವರ ಕೈಲಿ ಯುಪಿಎಸ್‌ಗೆ ಹೊಸ ಬ್ಯಾಟರಿ ತರಿಸು.

ನಿನ್ನ ಕಾಕಾ