ಸಂಜೆ ನಾಲ್ಕರ ಚಾಯ

ಕೊಚ್ಚಿಗೋ ತಿರುವನಂತಪುರಕ್ಕೋ ಹೊರಟವರು ಚಹಾಕ್ಕೆ ಒಳ್ಳೆಯ ಜಾಗ ಯಾವುದೆಂದು ವಿಚಾರಿಸುತ್ತಾರೆ. ಬ್ರಿಟಿಷರ ಚಹಾ ತಿಂಡಿಯಾದ ಸ್ಕೋನ್ ಕೂಡ ಸಿಗುವ ಕಡೆಯಾದರೆ ಇನ್ನೂ ಚೆನ್ನ ಎನ್ನುವವರಿದ್ದಾರೆ. ಈ ಎರಡು ಊರುಗಳ ಓಡಾಟ ನನಗೆ ಕಲಿಸಿದ್ದೇನೆಂದರೆ ಮೊದಲು ಹೊತ್ತು ನೋಡಬೇಕು, ಅಂಗಡಿ ಆಮೇಲೆ. ಚಹಾದ ಜೊತೆಯ ತಿಂಡಿಗೆ ಆಯುಸ್ಸು ಕಡಿಮೆ. ಯೀಸ್ಟ್ ಇಲ್ಲದೆ ಬೇಕಿಂಗ್ ಪೌಡರಿನಲ್ಲೇ ಉಬ್ಬುವ ಸ್ಕೋನ್ ಬೆಂದ ಕೆಲವೇ ಗಂಟೆಗಳಲ್ಲಿ ಒಣಗಿ ಬಿರುಸಾಗುತ್ತದೆ. ಅದನ್ನು ಕೇಳುವವರೇ ಕಡಿಮೆ ಇರುವ ಊರಿನಲ್ಲಿ ಬಿಸಿ ಸ್ಕೋನ್ ಸಿಗುವುದು ಅದೃಷ್ಟದ ಮಾತು. ಫೋರ್ಟ್ ಕೊಚ್ಚಿಯ ಟೀಪಾಟ್ ಕೆಫೆ, ಕಾಶಿ ಆರ್ಟ್ ಕೆಫೆಯಂಥ ತಾಣಗಳು ಕೂತು ಹರಟಲು, ಚಿತ್ರ ನೋಡಲು ಹೇಳಿಮಾಡಿಸಿದಂತಿವೆ. ಆದರೆ ರುಚಿಯೇ ಮುಖ್ಯವೆನ್ನುವವರು ಊರಿನ ಜನ ಸಂಜೆ ಏನು ತಿನ್ನುತ್ತಾರೋ ಅದರ ಹಿಂದೆ ಹೋಗಬೇಕು.

ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಕೇರಳದ ಚಾಯಕ್ಕಡೆ ಎಂಬ ಚಹಾದಂಗಡಿಗಳಲ್ಲಿ ಬಾಣಲೆ ಏರುತ್ತದೆ. ಅರಿಸಿನ ಬೆರೆಸಿದ ಮೈದಾ ಹಿಟ್ಟಿನಲ್ಲಿ ಅದ್ದಿದ ನೇಂದ್ರ ಬಾಳೆಯ ಸೀಳುಗಳು ಪಳಂಪೊರಿಯಾಗಿ ಮೇಲೆ ಬರುತ್ತವೆ. ಪರಿಪ್ಪುವಡೆ, ಉಳ್ಳಿವಡೆ, ಸುಖಿಯನ್ ಅದರ ಬೆನ್ನಿಗೆ. ಇವನ್ನೆಲ್ಲ ಅಲ್ಲಿ ಒಟ್ಟಾಗಿ ಕಡಿ ಎನ್ನುತ್ತಾರೆ. ಆಗಷ್ಟೇ ಇಳಿದ ಪಳಂಪೊರಿಯ ಅಂಚು ಗರಿಗರಿ, ಒಳಗಿನ ಹಣ್ಣು ಬೆಣ್ಣೆ. ಆರಿತೋ, ಅದೇ ತಿಂಡಿ ಎಣ್ಣೆ ಕುಡಿದು ಮೆತ್ತಗಾಗುತ್ತದೆ. ಹಾಗಾಗಿ ಗಾಜಿನ ಕಪಾಟಿನ ತುಂಬ ತಿಂಡಿ ಜೋಡಿಸಿಟ್ಟ ಅಂಗಡಿಗಿಂತ ತಟ್ಟೆ ಮತ್ತೆ ಮತ್ತೆ ಖಾಲಿಯಾಗುವ ಅಂಗಡಿಯನ್ನು ನಾನು ನಂಬುತ್ತೇನೆ. ಸ್ಕೋನಿನ ನಂಟು ಬಿಡದವರಿಗೆ ವೆಟ್ಟು ಕೇಕ್ ಇದೆ: ಮೈದಾ, ಮೊಟ್ಟೆ, ಸಕ್ಕರೆ, ಏಲಕ್ಕಿ, ಚಿಟಿಕೆ ಸೋಡಾ ಕಲಸಿದ ಹಿಟ್ಟಿನ ತುಂಡಿಗೆ ಹಾಕಿದ ಗೀಟು ಎಣ್ಣೆಯಲ್ಲಿ ಬಾಯಿ ಬಿಟ್ಟು ಅರಳುತ್ತದೆ. ಎರಡು ದಿನ ಇಟ್ಟರೂ ಕೆಡದ ಇದೊಂದು ಮಾತ್ರ ಹೊತ್ತಿನ ಹಂಗಿಲ್ಲದ್ದು.

ಚಹಾದ ವಿಚಾರದಲ್ಲೂ ಹೊತ್ತಿನದೇ ಲೆಕ್ಕ. ಕೊಚ್ಚಿಯಲ್ಲಿ 1947ರಿಂದ ಚಹಾ ಹರಾಜು ನಡೆಯುತ್ತಿದೆ, ಡಸ್ಟ್ ಪುಡಿಗೆ ಅದು ದೊಡ್ಡ ಪೇಟೆ. ‘ಡಸ್ಟ್’ ಎಂದ ಕೂಡಲೇ ಮೂಗು ಮುರಿಯುವವರುಂಟು. ಆದರೆ ಹಾಲು ಬೆರೆಸುವ ಚಹಾಕ್ಕೆ ಬೇಗ ಬಣ್ಣ, ಕಡುಪು ಬಿಡುವ ಸಣ್ಣ ಪುಡಿಯೇ ತಕ್ಕದ್ದು. ಉದ್ದ ಎಲೆಯ ನವಿರು ಪರಿಮಳ ಹಾಲಿನಲ್ಲಿ ಮುಳುಗಿಹೋಗುತ್ತದೆ. ಬಟ್ಟೆಯ ಸೋಸುಕದಿಂದ ಇಳಿದ ಡಿಕಾಕ್ಷನ್ನು ಹಾಲಿಗೆ ಸೇರಿ, ಎತ್ತರದಿಂದ ಎರಡು ಬಾರಿ ಹೊಯ್ದು ನೊರೆಯೇರಿದರೆ ಲೋಟ ಸಿದ್ಧ. ಗಿರಾಕಿ ಹೆಚ್ಚಿದ್ದಷ್ಟೂ ಡಿಕಾಕ್ಷನ್ ಹೊಸದು. ಜನವಿಲ್ಲದ ಹೊತ್ತಿನಲ್ಲಿ ಅದೇ ಅಂಗಡಿಯ ಅದೇ ಚಹಾ ಕುದಿದು ಕುದಿದು ಒಗರಾಗಿರುತ್ತದೆ.

ಶುಚಿಯ ಗತಿಯೇನು ಎಂಬುದು ತಳ್ಳಿಹಾಕುವ ಪ್ರಶ್ನೆಯಲ್ಲ. ಕರಿದ ಎಣ್ಣೆಯನ್ನು ಮರುಬಳಸುವುದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಮಿತಿ ಹಾಕಿದೆ. ಆದರೂ ಗಿರಾಕಿಗೆ ಕಣ್ಣು, ಮೂಗುಗಳೇ ಪರೀಕ್ಷಕರು. ಎಣ್ಣೆ ಕಪ್ಪಾಗಿ ಹೊಗೆಯಾಡುತ್ತಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ. ಬೆಂಚಿನ ತುದಿಯಲ್ಲಿ ಕೂರಲಾಗದ ಹಿರಿಯರೋ ಮಕ್ಕಳೋ ಜೊತೆಗಿದ್ದರೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಅದಕ್ಕೆ ತಿರುವನಂತಪುರ ಕೊಡುವ ಉತ್ತರ, ತಂಪಾನೂರಿನ ಇಂಡಿಯನ್ ಕಾಫಿ ಹೌಸ್. ವಾಸ್ತುಶಿಲ್ಪಿ ಲಾರಿ ಬೇಕರ್ ಕಟ್ಟಿದ ಈ ಕೆಂಪು ಇಟ್ಟಿಗೆಯ ಕಟ್ಟಡ ಸುರುಳಿಯಾಗಿ ಮೇಲೇರುತ್ತದೆ. ಗೋಡೆಗೆ ಹೊಂದಿಸಿಯೇ ಕಟ್ಟಿದ ಮೇಜು, ಆಸನಗಳು. ಜಾಲಂಧ್ರಗಳಿಂದ ಗಾಳಿ ಬೆಳಕು. ಕಾಫಿ ಬೋರ್ಡ್ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚತೊಡಗಿದಾಗ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ಕೆಲಸಗಾರರೇ ಕಟ್ಟಿಕೊಂಡ ಸಹಕಾರಿ ಸಂಘದ ಪರಂಪರೆ ಇದು. ಕೇರಳದ ಮೊದಲ ಶಾಖೆ 1958ರಲ್ಲಿ ತ್ರಿಶೂರಿನಲ್ಲಿ ತೆರೆಯಿತು. ಹೆಸರಿನಲ್ಲಿ ಕಾಫಿ ಇದ್ದರೂ ಚಹಾ ಸಿಗುತ್ತದೆ, ಬೀಟ್‌ರೂಟ್ ಹಾಕಿದ ಕಟ್ಲೆಟ್ಟೂ ಉಂಟು. ನಡುಹಗಲು ಬಿಟ್ಟು ಸಂಜೆ ಹೋಗಿ. ರೈಲು ನಿಲ್ದಾಣ, ಕೆಎಸ್‌ಆರ್‌ಟಿಸಿ ನಿಲ್ದಾಣ ಎರಡೂ ಹತ್ತಿರದಲ್ಲೇ ಇರುವುದರಿಂದ ಬೆಂಗಳೂರಿನ ಗಾಡಿ ಹಿಡಿಯುವವರಿಗೆ ದಾರಿ ತಪ್ಪುವ ಚಿಂತೆಯಿಲ್ಲ.