ಎಂಜಿನ್ ಕೊನೆಗೆ ನೋಡಿ

ಮನೆಯನ್ನೇ ಹೇರಿಕೊಂಡು ಹೊರಡುವ ಗಾಡಿ ನಮ್ಮ ನರಗುಂದದ ಕಡೆ ಹೊಸದೇನಲ್ಲ. ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೊರಟರೆ ಅಜ್ಜ ಚಕ್ಕಡಿಗೆ ಕೊಲ್ಲಾರಿ ಕಟ್ಟುತ್ತಿದ್ದ. ಒಳಗೆ ಹಾಸಿಗೆ, ರೊಟ್ಟಿ ಗಂಟು, ಎತ್ತಿನ ಮೇವು. ರಾತ್ರಿ ಎತ್ತು ಬಿಚ್ಚಿದರೆ ಚಕ್ಕಡಿಯ ಕೆಳಗೇ ಮನೆ. ನಾನು ಎತ್ತಿನ ಜಾಗಕ್ಕೆ ಡೀಸೆಲ್ ಹಾಕಿದೆ, ಅಷ್ಟೇ. ಈಗಿರುವುದು 2009ರ ಟೆಂಪೋ ಟ್ರಾವೆಲರ್, 2019ರಲ್ಲಿ ಕೊಂಡದ್ದು. ಅದಕ್ಕೂ ಮೊದಲು ಒಂದು ಗಾಡಿ ತಗೊಂಡು ಕೈ ಸುಟ್ಟುಕೊಂಡಿದ್ದೆ. ಇಲ್ಲಿ ಬರೆದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಕಲಿಸಿದ್ದು ಆ ಮೊದಲನೆಯದೇ.

1. ಎಂಜಿನ್ ಸದ್ದಿಗೆ ಮರುಳಾಗಬೇಡಿ

ಹಳೇ ಗಾಡಿ ನೋಡಲು ಹೋದವರು ಮೊದಲು ಬಾನೆಟ್ ಎತ್ತುತ್ತಾರೆ. ನಾನೂ ಎತ್ತಿದ್ದೆ. ಆದರೆ ನಮ್ಮ ಕಡೆ ರಿಪೇರಿಗೆ ಅತಿ ಸುಲಭವಾದ ಭಾಗ ಅದೇ. ಹಳೇ ಟ್ರಾವೆಲರ್, ಟ್ರಾಕ್ಸ್‌ಗಳ ಎಂಜಿನ್, ಬಜಾಜ್ ಟೆಂಪೋ ಕಂಪನಿ ಮರ್ಸಿಡಿಸ್ ಪರವಾನಗಿಯ ಮೇಲೆ ಮಾಡುತ್ತಿದ್ದ ಓಎಂ 616ರ ವಂಶದ್ದು. ಆ ಕಂಪನಿಯೇ 2005ರಿಂದ ಫೋರ್ಸ್ ಮೋಟಾರ್ಸ್. ಟ್ರಾಕ್ಸ್ ಕ್ರೂಸರ್ ಓಡುವ ಊರಲ್ಲೆಲ್ಲ ಆ ಎಂಜಿನ್ ಬಿಚ್ಚಿ ಕಟ್ಟಿದ ಮಿಸ್ತ್ರಿ ಒಬ್ಬನಾದರೂ ಇರುತ್ತಾನೆ. ಪಂಪು, ನಾಝಲ್ ಕೆಲಸಕ್ಕೆ ಹುಬ್ಬಳ್ಳಿ ಒಂದೂವರೆ ತಾಸಿನ ಹಾದಿ. ರೊಕ್ಕ ಕಡಿಮೆ ಇದ್ದವರು ಕಾಮನ್ ರೇಲ್ ಬಿಟ್ಟು ಮೆಕ್ಯಾನಿಕಲ್ ಪಂಪಿನದನ್ನೇ ಹುಡುಕಿ. ಸೆನ್ಸರ್ ಕೈಕೊಟ್ಟರೆ ರಸ್ತೆಬದಿಯ ಮಿಸ್ತ್ರಿಯ ಪಾನಾ ನಡೆಯುವುದಿಲ್ಲ.

ಸರಿಪಡಿಸಲಾಗದವು ಎರಡು: ತುಕ್ಕು ಹಿಡಿದ ತಗಡು, ಕೊಳೆತ ಕಾಗದ.

2. ಮ್ಯಾಟ್ ಎತ್ತಿ

ಮೊದಲ ಗಾಡಿ ಕರಾವಳಿಯಲ್ಲಿ ಓಡಿದ್ದು. ಹೊಸ ಬಣ್ಣ, ಹೊಸ ಸೀಟ್ ಕವರ್, ಎಂಜಿನ್ ಹಾಲು ಕುಡಿದ ಕೂಸಿನಂತೆ ಶಾಂತ. ಮನೆಗೆ ತಂದ ವಾರಕ್ಕೆ ಕಸ ಹೊಡೆಯಲು ಹಿಂದಿನ ರಬ್ಬರ್ ಮ್ಯಾಟ್ ಎತ್ತಿದೆ. ತಗಡು ಹಪ್ಪಳದಂತೆ ಪದರು ಪದರಾಗಿ ಎದ್ದಿತ್ತು. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದೆ; ಸದ್ದು ಬರಲಿಲ್ಲ, ಹಿಡಿ ಒಳಗೇ ಹೋಯಿತು. ತೂತಿನಲ್ಲಿ ನಮ್ಮ ಅಂಗಳದ ಎರಿ ಮಣ್ಣು ಕಾಣಿಸಿತು. ವೆಲ್ಡಿಂಗ್‌ನವನು ತೇಪೆ ಹಾಕುತ್ತ ಹೋದ. ತೇಪೆಯ ಅಂಚಿನಲ್ಲೇ ಮತ್ತೆ ಹೊಸ ತೂತು. ಎಪ್ಪತ್ತು ಸಾವಿರ ಸುರಿದು ಕೊನೆಗೆ ಬಂದ ಬೆಲೆಗೆ ಕೊಟ್ಟೆ.

ಕೆಎ 19, 20, 30, ಅಂದರೆ ಮಂಗಳೂರು, ಉಡುಪಿ, ಕಾರವಾರದ ನಂಬರ್ ಕಂಡರೆ ಉಪ್ಪುಗಾಳಿ ನೆನಪಿರಲಿ. ವಿಜಯಪುರ, ಬಾಗಲಕೋಟೆಯ ಒಣ ಹವೆಯಲ್ಲಿ ಓಡಿದ ಗಾಡಿಗೆ ಬಣ್ಣ ಬಿಳಚಿರಬಹುದು, ತಗಡು ಗಟ್ಟಿ ಇರುತ್ತದೆ. ನಂಬರ್ ಒಂದನ್ನೇ ನಂಬುವಂತೆಯೂ ಇಲ್ಲ. ಎರಿ ಹೊಲದಲ್ಲಿ ಓಡಾಡಿದ ಗಾಡಿಯ ಮಡ್‌ಗಾರ್ಡ್ ಒಳಗೆ ಮೆತ್ತಿದ ಮಣ್ಣು ತಿಂಗಳುಗಟ್ಟಲೆ ತೇವ ಹಿಡಿದಿರುತ್ತದೆ. ಮಾಡಿನ ಅಂಚಿನ ನೀರುಗಾಲುವೆ, ಕಿಟಕಿಯ ರಬ್ಬರ್ ಕೆಳಗೆ, ಮೆಟ್ಟಿಲು, ಚಾಸಿ ಪಟ್ಟಿ ಎಲ್ಲ ಕಡೆ ತಟ್ಟಿ ನೋಡಿ. ಒಳಗೆ ಹಾಸಿಗೆ ಹಾಕುವವರಿಗೆ ಮಾಡು ಸೋರಿದರೆ ಮುಗಿಯಿತು, ಎಂಜಿನ್ ಎಷ್ಟು ಚೊಲೊ ಇದ್ದರೇನು.

3. ಕಾಗದ ಗಾಡಿಗಿಂತ ಮೊದಲು

ಮುಂಗಡ ಕೊಡುವ ಮೊದಲು ಪರಿವಾಹನ್ ತಾಣದಲ್ಲಿ ನಂಬರ್ ಹಾಕಿ ನೋಡಿ: ಎಷ್ಟನೇ ಮಾಲೀಕ, ತೆರಿಗೆ ಎಲ್ಲಿಯವರೆಗೆ, ವಿಮೆ, ಬಾಕಿ ಚಲನ್, ಸಾಲದ ಹೈಪೋಥಿಕೇಶನ್. ಸಾಲ ತೀರಿದೆ ಎಂದು ಬಾಯಲ್ಲಿ ಹೇಳಿದರೆ ಸಾಲದು. ಬ್ಯಾಂಕಿನ ಪತ್ರ, ಫಾರ್ಮ್ 35 ಕೈಗೆ ಬರಬೇಕು. ಹೆಸರು ಬದಲಿಸಲು 29, 30. ಹೊರರಾಜ್ಯದ್ದಾದರೆ 28ರ ಎನ್‌ಒಸಿ, ಮೇಲೆ ನಮ್ಮ ರಾಜ್ಯದ ತೆರಿಗೆ. ಹಸಿರು ನ್ಯಾಯಮಂಡಳಿ 2015ರಲ್ಲಿ, ಸುಪ್ರೀಂ ಕೋರ್ಟ್ 2018ರಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳನ್ನು ದೆಹಲಿ ಸುತ್ತಮುತ್ತ ತಡೆದ ಮೇಲೆ ಅಲ್ಲಿಯ ಅಗ್ಗದ ಗಾಡಿಗಳ ಆಸೆ ತೋರಿಸುವವರು ಹೆಚ್ಚಿದರು. ತೆರಿಗೆ ಕೂಡಿಸಿ ಲೆಕ್ಕ ಹಾಕಿದಾಗ ನನಗೆ ಅಗ್ಗ ಕಾಣಲಿಲ್ಲ.

ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಆರ್‌ಸಿಗೆ ಹೋಲಿಸಿ. ಮಾರುವವನಿಗೆ ಸಿಟ್ಟು ಬಂದರೆ ಬರಲಿ.

ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ತಪಾಸಣೆ ಮಾಡಿಸಿ ನವೀಕರಿಸಬೇಕು. ಹದಿನಾಲ್ಕನೇ ವರ್ಷದ ಗಾಡಿ ಅಗ್ಗವಾಗಿ ಸಿಗುವುದರ ಗುಟ್ಟು ಇದು. ಆ ಖರ್ಚನ್ನು ಚೌಕಾಸಿಯಲ್ಲೇ ಇಳಿಸಿ. ಹಳದಿ ಬೋರ್ಡಿನದಾದರೆ ಪರ್ಮಿಟ್ ಒಪ್ಪಿಸಿ ಬಿಳಿಗೆ ತರುವ ಓಡಾಟ ಬೇರೆ. ನನ್ನದು ಒಂದು ಮಠದಲ್ಲಿ ಓಡಿದ ಬಿಳಿ ಬೋರ್ಡಿನ ಗಾಡಿ. ವರ್ಷದಲ್ಲಿ ಹೆಚ್ಚು ದಿನ ನೆರಳಲ್ಲೇ ನಿಂತಿದ್ದು.

4. ಬೆಳಗಿನ ಆರಕ್ಕೆ ಹೋಗಿ

ಈಗ ಎಂಜಿನ್ ನೋಡಬಹುದು, ಅದೂ ತಣ್ಣಗಿದ್ದಾಗ. ಒಂದು ಕಡೆ ಹೇಳಿದ ಹೊತ್ತಿಗೇ ಹೋದೆ. ಬಾನೆಟ್ ಮೇಲೆ ಕೈ ಇಟ್ಟರೆ ಕಾವಲಿಯ ಹಾಗೆ ಬಿಸಿ.

“ಈಗಷ್ಟ ತೊಳದು ನಿಲ್ಲಿಸೇವ್ರಿ ಯಜಮಾನ್ರ, ಕಣ್ಣ ಮುಚ್ಚಿ ತಗೋರಿ.”

ಕಣ್ಣು ತೆರೆದುಕೊಂಡೇ ವಾಪಸು ಬಂದೆ. ತಣ್ಣನೆಯ ಎಂಜಿನ್ ಹೀಟರ್ ದೀಪ ಆರಿದ ಮೇಲೆ ಒಂದೆರಡು ಸೆಲ್ಫ್‌ಗೆ ಹಿಡಿಯಬೇಕು. ಜೋರಾಗಿ ಒತ್ತಿದಾಗ ಕರಿ ಹೊಗೆ ಬಂದರೆ ಹೆದರಬೇಡಿ, ಬಹಳಷ್ಟು ಸಲ ನಾಝಲ್ ಇಲ್ಲವೇ ಏರ್ ಫಿಲ್ಟರ್. ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್. ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆದು ತೂತಿನ ಮೇಲೆ ಬೋರಲು ಇಡಿ. ಸಣ್ಣಗೆ ನಡುಗಿದರೆ ಚಿಂತೆಯಿಲ್ಲ. ಕುಣಿದು ಹಾರಿದರೆ ರಿಂಗ್ ಸವೆದಿವೆ, ಅಷ್ಟು ಬೆಲೆ ಇಳಿಸಿ. ಕೊಳ್ಳಲೇಬಾರದು ಎಂದು ನಾನು ಹೇಳುವುದಿಲ್ಲ.

5. ಕಾಲು ಭಾಗ ರೊಕ್ಕ ಮುಟ್ಟಬೇಡಿ

ನನ್ನ ಹತ್ತಿರ ಇದ್ದದ್ದು ನಾಲ್ಕು ಲಕ್ಷ. ಮೂರಕ್ಕೆ ಕೊಂಡೆ. ಉಳಿದ ಒಂದು ಲಕ್ಷ ಟೈರು, ಬ್ಯಾಟರಿ, ಕ್ಲಚ್ ಪ್ಲೇಟ್, ಸೆಂಟರ್ ಬೇರಿಂಗ್, ನೀರಿನ ಪೈಪುಗಳಿಗೆ ಎರಡೇ ತಿಂಗಳಲ್ಲಿ ಕರಗಿತು. ಟೈರಿನ ಗೋಡೆಯ ಮೇಲಿನ ನಾಲ್ಕು ಅಂಕಿ ಓದಿ: 1412 ಎಂದರೆ 2012ರ ಹದಿನಾಲ್ಕನೇ ವಾರ. ಹಲ್ಲು ಎಷ್ಟೇ ಇದ್ದರೂ ಮುದಿ ರಬ್ಬರ್ ನಮ್ಮ ಏಪ್ರಿಲ್ ಬಿಸಿಲಿಗೆ ಸಿಡಿಯುತ್ತದೆ.

6. ಒಳಗೆ ಕೊಯ್ಯಬೇಡಿ

ಮಾಡು ಎತ್ತರಿಸುವುದು, ಸೀಟು ಕಿತ್ತು ಮಂಚ ಬೆಸೆಯುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ಬರುತ್ತದೆ. ಆರ್‌ಟಿಒ ಒಪ್ಪಿಗೆ ಬೇಕು. ಮೋಟಾರ್ ಕ್ಯಾರವಾನ್ ಎಂಬ ವರ್ಗವೇ ಇದೆ, ಅದಕ್ಕೆ ಎಐಎಸ್ 124 ಎಂಬ ಮಾನದಂಡವೂ ಇದೆ, ಆದರೆ ಆ ಖರ್ಚು ನನ್ನಂಥವರದಲ್ಲ. ನಾನು ಎರಡು ಸೀಟಿನ ಸಾಲುಗಳ ನಡುವೆ ಕೂರುವ ಪ್ಲೈವುಡ್ ಹಲಗೆ ಮಾಡಿಸಿದೆ. ರಾತ್ರಿ ಇಟ್ಟರೆ ಹಾಸಿಗೆ, ಹಗಲು ತೆಗೆದರೆ ಗಾಡಿ ಗಾಡಿಯಂತೆಯೇ. ಮಿಂಚುವ ಟಿವಿ, ಇನ್ವರ್ಟರ್ ಹಾಕಿದ ಗಾಡಿ ಮಾರಾಟಕ್ಕೆ ಬಂದರೆ ಆ ವೈರಿಂಗ್ ಯಾರು ಎಳೆದರು ಎಂದು ಕೇಳಿ.

7. ಒಲೆ ಹೊರಗೆ

ಅಜ್ಜನ ಒಲೆಯೂ ಹೊರಗೇ ಇತ್ತು. 2023ರ ಆಗಸ್ಟ್‌ನಲ್ಲಿ ಮದುರೈಯಲ್ಲಿ ನಿಂತಿದ್ದ ಯಾತ್ರಿಕರ ರೈಲು ಬೋಗಿಯೊಳಗೆ ಸಿಲಿಂಡರ್‌ನಿಂದ ಬೆಂಕಿ ಹತ್ತಿ ಒಂಬತ್ತು ಜನ ಹೋದರು. ಆಮೇಲೆ ನಮ್ಮ ಮನೆಯವರು ಯಾರೂ ಗಾಡಿಯೊಳಗೆ ಚಹಾ ಕೇಳಿಲ್ಲ.

8. ಏರ್ ತೆಗೆಯಲು ಕಲಿಯಿರಿ

ಡೀಸೆಲ್ ಖಾಲಿಯಾದರೆ ಪೈಪಿಗೆ ಗಾಳಿ ಹಿಡಿಯುತ್ತದೆ. ಮತ್ತೆ ಸುರಿದರೂ ಗಾಡಿ ಏಳುವುದಿಲ್ಲ. ಬದಾಮಿ ಬನಶಂಕರಿ ಜಾತ್ರೆಯಿಂದ ಬರುವಾಗ ಕುಳಗೇರಿ ಕ್ರಾಸ್ ಹತ್ತಿರ ರಾತ್ರಿ ಹೀಗೇ ನಿಂತೆವು. ಮುಳ್ಳು ಇನ್ನೂ ಕಾಲು ಟ್ಯಾಂಕ್ ತೋರಿಸುತ್ತಿತ್ತು. ಬೈಕಿನವನೊಬ್ಬ ಕ್ಯಾನಿನಲ್ಲಿ ಡೀಸೆಲ್ ತಂದುಕೊಟ್ಟ. ಮನೆಯಾಕೆ ಬ್ಯಾಟರಿ ದೀಪ ಹಿಡಿದಳು, ನಾನು ಫಿಲ್ಟರಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತತೊಡಗಿದೆ. ಮೊದಲು ಮಜ್ಜಿಗೆ ಕಡೆದಂತೆ ಬರೀ ನೊರೆ. “ಇನ್ನೂ ಗುಳ್ಳಿ ಬರಾಕತ್ಯಾವು, ಒತ್ರಿ” ಎಂದಳು. ನೊರೆ ನಿಂತು ಡೀಸೆಲ್ ದಾರದಂತೆ ಇಳಿದಾಗ ಸ್ಕ್ರೂ ಬಿಗಿದೆ. ಮೂರನೇ ಸೆಲ್ಫ್‌ಗೆ ಹಿಡಿಯಿತು. ಕೈಯೆಲ್ಲ ಡೀಸೆಲ್ ವಾಸನೆ. ಆ ರಾತ್ರಿ ರೊಟ್ಟಿ ಅವಳೇ ಮುರಿದು ಬಾಯಿಗಿಟ್ಟಳು.