ಗಡುವು ವಿಸ್ತರಣೆಯ ಸುದ್ದಿ: ನಂಬುವ ಮುನ್ನ ಪರಿಶೀಲನೆ

'ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು' ಎಂಬ ನಾಣ್ಣುಡಿಯು ಅಂತರಜಾಲದ ಈ ಕಾಲದಲ್ಲಿ ವ್ಯಾಪಾರಸ್ಥರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ವೋಚರ್ ಇಲ್ಲದೆ ಒಂದು ರೂಪಾಯಿಯ ಖರ್ಚನ್ನೂ ಲೆಕ್ಕಕ್ಕೆ ಬರೆಯದ ನಾವು, ಮೊಬೈಲಿಗೆ ಬಂದ ಸಂದೇಶವನ್ನು ಮಾತ್ರ ಆಧಾರ ಕೇಳದೆ ನಂಬುತ್ತೇವೆ. ಇದರ ಪರಿಣಾಮವನ್ನು ತಿಳಿಯಲು 2025ರ ಒಂದು ಪ್ರಸಂಗವನ್ನು ಗಮನಿಸೋಣ.

ಲೆಕ್ಕಪರಿಶೋಧನೆಗೆ ಒಳಪಡದ ತೆರಿಗೆದಾರರು ಆದಾಯ ತೆರಿಗೆ ರಿಟರ್ನ್ ಸಲ್ಲಿಸಲು ಆ ವರ್ಷ ಜುಲೈ 31 ಕೊನೆಯ ದಿನವಾಗಿತ್ತು. ಕೇಂದ್ರ ನೇರ ತೆರಿಗೆ ಮಂಡಳಿಯು 27-5-2025ರ ಸುತ್ತೋಲೆ ಸಂಖ್ಯೆ 6/2025ರ ಮೂಲಕ ಅದನ್ನು ಸೆಪ್ಟೆಂಬರ್ 15ಕ್ಕೆ ವಿಸ್ತರಿಸಿತು. ಆ ದಿನ ಸಮೀಪಿಸಿದಾಗ, ಗಡುವು ಸೆಪ್ಟೆಂಬರ್ 30ಕ್ಕೆ ಮುಂದೆ ಹೋಗಿದೆ ಎಂಬ ಸುದ್ದಿ ಹರಡಿತು. ಒಮ್ಮೆ ವಿಸ್ತರಣೆ ದೊರೆತಿದ್ದುದರಿಂದ ಮತ್ತೊಮ್ಮೆ ದೊರೆತಿದೆ ಎಂಬುದು ಸಹಜವಾಗಿಯೇ ಕಂಡಿತು. ಆದರೆ ಅದು ಸುಳ್ಳೆಂದು ಇಲಾಖೆ ಪ್ರಕಟಿಸಿತು. ಕೊನೆಗೆ ದೊರೆತದ್ದು ಸೆಪ್ಟೆಂಬರ್ 16ರವರೆಗೆ, ಒಂದೇ ದಿನದ ವಿಸ್ತರಣೆ.

ಸುದ್ದಿಯನ್ನು ನಂಬಿ ಗಡುವು ಮೀರಿದವರಿಗೆ, ಆದಾಯ ಐದು ಲಕ್ಷ ದಾಟಿದ್ದರೆ, 5,000 ರೂ. ವಿಳಂಬ ಶುಲ್ಕವಿತ್ತು. ಅದಕ್ಕಿಂತ ದೊಡ್ಡ ಹಾನಿ ಬೇರೆಯದು. ವ್ಯಾಪಾರದಲ್ಲಾದ ನಷ್ಟವನ್ನು ಮುಂದಿನ 8 ವರ್ಷಗಳ ಲಾಭದೊಡನೆ ಹೊಂದಿಸಿಕೊಳ್ಳುವ ಹಕ್ಕು ಗಡುವಿನೊಳಗೆ ರಿಟರ್ನ್ ಸಲ್ಲಿಸಿದವರಿಗೆ ಮಾತ್ರ ಇತ್ತು. ವ್ಯಾಪಾರದ ಆದಾಯವುಳ್ಳವರು ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಳ್ಳುವ ಅವಕಾಶವೂ ಗಡುವಿನೊಡನೆ ಮುಗಿಯುತ್ತಿತ್ತು. ಸಂದೇಶ ಕಳುಹಿಸಿದವರು ಈ ನಷ್ಟವನ್ನು ತುಂಬಿಕೊಡುವುದಿಲ್ಲ.

ಆದಕಾರಣ ಇಂತಹ ಪ್ರತಿಯೊಂದು ಸಂದೇಶಕ್ಕೂ ಮೂರು ಪ್ರಶ್ನೆಗಳನ್ನು ಹಾಕಬೇಕು.

1. ಹೊರಡಿಸಿದವರು ಯಾರು? ಗಡುವನ್ನು ಬದಲಿಸುವ ಅಧಿಕಾರ ಮಂಡಳಿಗಿದೆಯೇ ಹೊರತು ಸುದ್ದಿ ಹಂಚುವವರಿಗಲ್ಲ.

2. ಮೂಲ ಆದೇಶ ಎಲ್ಲಿದೆ? ಸಂಖ್ಯೆ, ದಿನಾಂಕ, ಸಹಿ ಇದ್ದರಷ್ಟೇ ಸಾಲದು. ಅವನ್ನೂ ನಕಲು ಮಾಡಬಹುದು. ಸಂದೇಶದಲ್ಲಿರುವ ಲಿಂಕನ್ನು ಒತ್ತದೆ, ಇಲಾಖೆಯ ಜಾಲತಾಣದ ವಿಳಾಸವನ್ನು ತಾವೇ ಬರೆದು ತೆರೆದು ನೋಡಬೇಕು.

3. ಯಾವ ವರ್ಷಕ್ಕೆ, ಯಾರಿಗೆ ಅನ್ವಯ? ಹಿಂದಿನ ವರ್ಷದ ನಿಜವಾದ ಆದೇಶವೂ ಈ ವರ್ಷ ಹರಿದಾಡಿದರೆ ತಪ್ಪುದಾರಿಗೆ ಎಳೆಯುತ್ತದೆ.

ನೋಟಿಸುಗಳ ವಿಷಯದಲ್ಲೂ ಇದೇ ಎಚ್ಚರ ಅಗತ್ಯ. 1-10-2019ರಿಂದ ಆದಾಯ ತೆರಿಗೆ ಇಲಾಖೆಯ ಪತ್ರಗಳಿಗೆ ದಾಖಲೆ ಗುರುತಿನ ಸಂಖ್ಯೆ ಬಂದಿದೆ. ಅದನ್ನು ಇ-ಫೈಲಿಂಗ್ ಜಾಲತಾಣದಲ್ಲಿ ನಮೂದಿಸಿ ಪತ್ರ ನಿಜವೇ ಎಂದು ತಿಳಿಯಬಹುದು.

ಇಷ್ಟಾದರೂ ಸಂಶಯ ಉಳಿದರೆ ಹಳೆಯ ಗಡುವೇ ನಿಜವೆಂದು ಭಾವಿಸಿ ಕೆಲಸ ಮುಗಿಸುವುದು ಕ್ಷೇಮ. ವಿಸ್ತರಣೆ ನಿಜವಾಗಿದ್ದರೂ ಮೊದಲೇ ಸಲ್ಲಿಸಿದವರಿಗೆ ದಂಡವಿಲ್ಲ. ಸುಳ್ಳಾಗಿದ್ದರೆ ಅವರೇ ಪಾರಾದವರು.